ಉಸಿರು ಕಟ್ಟಿಕೊಂಡ ಕರೆಜ್ಮ

ಕರೆಜ್ಮದ ಶುಕ್ರವಾರಗಳಲ್ಲಿ ನಮ್ಮವರ ಮನೆಯ ಸಿಗಡಿ ಘೀ ರೋಸ್ಟ್ ತಿಂದವರಿಗೆ, ವರ್ಷವಿಡೀ ಕರೆಜ್ಮವೇ ಇರಬಾರದೇ ಎಂದು ಅನ್ನಿಸದೆ ಇರದು. ಈಸ್ಟರಿಗೆ ಮೊದಲಿನ ನಲವತ್ತು ದಿನಗಳ ವ್ರತಕಾಲಕ್ಕೆ ಕೊಂಕಣಿ ಮಾತಾಡುವ ನಾವು ಕ್ಯಾಥೊಲಿಕರು ಇಟ್ಟುಕೊಂಡ ಹೆಸರು ಅದು. ಶುಕ್ರವಾರ ಮಾಂಸ ಮುಟ್ಟಬಾರದು ಎಂದು ನಿಯಮ. ನಿಯಮ ಮುರಿಯುವ ಜನ ನಾವಲ್ಲ. ಕೋಳಿಯನ್ನು ಬಿಡುತ್ತೇವೆ, ಅಂಜಲ್ ಮೀನನ್ನು ಹಿಡಿಯುತ್ತೇವೆ. ಅಂಜಲ್ ಸಿಗದಿದ್ದರೆ ಕಾಣೆ, ಕಾಣೆಯೂ ಇಲ್ಲದಿದ್ದರೆ ಸಿಗಡಿ. ಬಾಳೆಲೆಯಲ್ಲಿ ತುಪ್ಪ ಹರಿಯುತ್ತಿರುವಾಗ, 'ಇವತ್ತು ಮಾಂಸ ಇಲ್ಲ, ಅಡ್ಜಸ್ಟ್ ಮಾಡಿಕೊಳ್ಳಿ' ಎಂದು ಮನೆಯೊಡತಿ ನಿಟ್ಟುಸಿರು ಬಿಡುತ್ತಾಳೆ. ಅವಳ ತ್ಯಾಗಕ್ಕೆ ನಾವೂ ನಿಟ್ಟುಸಿರು ಬಿಡಬೇಕು. ಇಲ್ಲದಿದ್ದರೆ ಮ್ಯಾನರ್ಸ್ ಇಲ್ಲದವರಾಗುತ್ತೇವೆ.

ಈಗಂತೂ ವಾಟ್ಸ್ಆ್ಯಪ್ ಬಂದ ಮೇಲೆ ತ್ಯಾಗಕ್ಕೆ ಫೋಟೋ ಕೂಡ ಉಂಟು. ಬೂದಿ ಬುಧವಾರ ಹಣೆಗೆ ಹಚ್ಚಿಸಿಕೊಂಡ ಶಿಲುಬೆ ಅಳಿಸಿಹೋಗದ ಹಾಗೆ ಬೆವರನ್ನು ಕರವಸ್ತ್ರದ ತುದಿಯಲ್ಲಿ ಒತ್ತಿ ಒತ್ತಿ ತೆಗೆಯುವ ಹೆಂಗಸರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೆಲ್ಫಿ ಆದ ಮೇಲೆ ಒರೆಸಿಕೊಳ್ಳುತ್ತಾರೆ. ಮಣ್ಣಿಗೆ ಮರಳುವವರು ನಾವು ಎಂದು ನೆನಪಿಸಲಿಕ್ಕೆ ಹಚ್ಚಿದ ಬೂದಿ ಅದು. ನಮ್ಮವರು ಮಣ್ಣಿಗೆ ಹೋಗುವಾಗಲೂ ಫಿಲ್ಟರ್ ಹಾಕಿಯೇ ಹೋಗುವವರು.

ನಾನು ಎಪ್ಪತ್ತು ದಾಟಿದವಳು, ಕಾನ್ವೆಂಟಿನಲ್ಲಿ ಕಲಿತವಳು. ಈಗ ಮೂಡುಬಿದಿರೆಯಲ್ಲಿ ಮಗಳ ಸಂಸಾರದ ಜೊತೆ ಇದ್ದೇನೆ. ನನ್ನ ಕಾಲದ ಬೋರ್ಡಿಂಗ್‌ನಲ್ಲಿ ಕರೆಜ್ಮ ಬಂತೆಂದರೆ ಹುಡುಗಿಯರೆಲ್ಲ ಚಹಾಕ್ಕೆ ಸಕ್ಕರೆ ಬಿಡುತ್ತಿದ್ದರು. ನಮ್ಮ ಮೇಜಿನ ಒಬ್ಬಳು ಸಕ್ಕರೆ ಇಲ್ಲದ ಚಹಾ ಕುಡಿಯುವಾಗ ಮಾಡುತ್ತಿದ್ದ ಮುಖ ನೋಡಿದರೆ, ಶಿಲುಬೆಗೆ ಏರಿದ್ದು ಇವಳೇ ಇರಬೇಕು ಅನ್ನಿಸುತ್ತಿತ್ತು. ಬೋರ್ಡಿಂಗಿನ ಮೇಲ್ವಿಚಾರಣೆಯ ಮುದಿ ಸಿಸ್ಟರ್ ಒಂದು ದಿನ ಅವಳ ಹಿಂದೆ ಬಂದು ನಿಂತು, "ಚೈಲ್ಡ್, ಅವರ್ ಲಾರ್ಡ್ ಡಿಡ್ ನಾಟ್ ಆಸ್ಕ್ ಫಾರ್ ಯುವರ್ ಫೇಸ್" ಎಂದರು. ಅಷ್ಟು ಹೇಳಿ ತಾವೇ ಎರಡು ಚಮಚ ಸಕ್ಕರೆ ಅವಳ ಕಪ್ಪಿಗೆ ಹಾಕಿ ಕಲಕಿ ಹೋದರು. ದೇವರು ನಿನ್ನ ಸಪ್ಪೆ ಮುಖ ಕೇಳಲಿಲ್ಲ ಮಗಳೇ. ಅವರು ಸೆಲ್ಫ್ ಮಾಸ್ಟರಿ ಎಂಬ ಮಾತನ್ನು ಬಹಳ ಬಳಸುತ್ತಿದ್ದರು. ಮನಸ್ಸು ನಿನ್ನ ಕೈಯಲ್ಲಿ ಇದ್ದರೆ ಮಾತ್ರ ಅದನ್ನು ಯಾರಿಗಾದರೂ ಪ್ರೀತಿಯಿಂದ ಕೊಡಬಹುದು, ಇಲ್ಲದಿದ್ದರೆ ಏನು ಕೊಡ್ತಿ, ಎಂದು ಕೇಳುತ್ತಿದ್ದರು. ಆಗ ನಮಗೆ ಅರ್ಥ ಆದದ್ದು ಸಕ್ಕರೆ ಹಾಕಬಹುದು ಎಂಬಷ್ಟೇ. ಅಂಥ ಸಿಸ್ಟರುಗಳು ಈಗ ಎಲ್ಲಿ? ಈಗಿನವರಿಗೆ ಅಡ್ಮಿಶನ್ ಸೀಸನ್ನೇ ಕರೆಜ್ಮ.

ಆದರೆ ನಾನು ಬರೆಯಬೇಕೆಂದಿರುವುದು ನನ್ನ ತಮ್ಮನ ವಿಷಯ.

ನಾವು ಹುಟ್ಟಿದ್ದು ಪಾಣೆಮಂಗಳೂರಿನಲ್ಲಿ, ನೇತ್ರಾವತಿಯ ದಡದಲ್ಲಿ. ಅಮ್ಮ ತೀರಿಕೊಂಡಾಗ ಅವನಿನ್ನೂ ಅಂಗಿಯ ಗುಂಡಿ ಹಾಕಲು ಕಲಿತಿರಲಿಲ್ಲ. ಅವನಿಗೆ ಗುಂಡಿ ಹಾಕಿ, ತಲೆ ಬಾಚಿ, ಇಗರ್ಜಿಗೆ ಎಳೆದುಕೊಂಡು ಹೋಗಿ ಬೆಳೆಸಿದ್ದು ನಾನು. ಬೇಸಗೆಯಲ್ಲಿ ಹೊಳೆ ಸಣ್ಣದಾದಾಗ ಮಕ್ಕಳೆಲ್ಲ ನೀರಿಗಿಳಿಯುತ್ತಿದ್ದರು. ತಮ್ಮನಿಗೆ ಈಜು ಬರುತ್ತಿರಲಿಲ್ಲ. ಅವನದು ಬೇರೆಯೇ ಒಂದು ವಿದ್ಯೆ. ಮೂಗು ಹಿಡಿದು, ಉಸಿರು ಕಟ್ಟಿ, ನೀರಿನೊಳಗೆ ಕೂತುಬಿಡುತ್ತಿದ್ದ. ದಡದ ಮೇಲಿನವರು ಗಟ್ಟಿಯಾಗಿ ಎಣಿಸುತ್ತಿದ್ದರು. ಯಾರೂ ಅವನನ್ನು ಸೋಲಿಸಿದ್ದಿಲ್ಲ. ಕೊನೆಗೆ ಕೆಂಪು ಕಣ್ಣು, ನೀಲಿ ತುಟಿ ಮಾಡಿಕೊಂಡು ಮೇಲೆ ಬಂದು, ಮೊದಲು ಗಾಳಿಯನ್ನು ಗಬಗಬ ನುಂಗಿ, ಮತ್ತೆ ಯಾರ್‍ಯಾರು ನೋಡಿದರು ಎಂದು ದಡದ ಉದ್ದಕ್ಕೂ ನೋಡುತ್ತಿದ್ದ. ಈಜಲಿಕ್ಕೆ ಕೊನೆಗೂ ಕಲಿಯಲಿಲ್ಲ.

ದೊಡ್ಡವನಾದ ಮೇಲೆ ಬಿ.ಸಿ. ರೋಡಿನಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಹಾಕಿದ. ಸುಟ್ಟುಹೋದ ಮೋಟರಿಗೆ ತಾಮ್ರದ ತಂತಿ ಸುತ್ತುವ ಕೆಲಸ. ಒಳ್ಳೆಯವನು. ಬೊಬ್ಬೆ ಹಾಕುವವನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಸಂಜೆ ಆದರೆ ಕುಡಿಯುತ್ತಿದ್ದ, ಅಷ್ಟೆ. ಆ 'ಅಷ್ಟೆ' ವರ್ಷಕ್ಕೊಂದಿಷ್ಟು ಬೆಳೆಯುತ್ತಾ ಹೋಗಿ, ಬೆಳಿಗ್ಗೆ ಕೈ ನಡುಗುವಲ್ಲಿಗೆ ಬಂತು. ತಂತಿ ಸುತ್ತುವವನ ಕೈ ನಡುಗಿದರೆ ಏನು ಉಳಿಯಿತು? ಅಂಗಡಿಯ ಶಟರ್ ಹನ್ನೊಂದಕ್ಕೆ ಏಳತೊಡಗಿತು. ಮಂಗಳೂರಿನ ಡಾಕ್ಟರು ಸ್ಕ್ಯಾನ್ ನೋಡಿ, ಲಿವರ್ ಇನ್ನು ಬಹಳ ಕಾಲ ತಾಳುವುದಿಲ್ಲ, ಪೂರ್ತಿ ಬಿಡಬೇಕು ಎಂದರು. ಈ ಮಾತನ್ನು ನಾನು ಅವನ ಹೆಂಡತಿಗೆ ಒತ್ತಿ ಹೇಳಿದಾಗ ಅವಳು ಕೊಟ್ಟ ಉತ್ತರ ನಮ್ಮ ಜನ ಮಾತ್ರ ಕೊಡಬಲ್ಲ ಉತ್ತರ.

"ಅಕ್ಕಾ, ಇವರು ಕುಡುಕ ಆಗಿದ್ದರೆ ಕರೆಜ್ಮದಲ್ಲಿ ಬಿಡ್ಲಿಕ್ಕೆ ಆಗ್ತಿತ್ತಾ? ನಲವತ್ತು ದಿನ ಒಂದು ತೊಟ್ಟು ಮುಟ್ಟುವುದಿಲ್ಲ. ಕಂಟ್ರೋಲ್ ಇರುವವರಿಗೆ ಎಂಥ ಹೆದರಿಕೆ?"

ನಮ್ಮಲ್ಲಿ ಇದು ಎಲ್ಲರೂ ನಂಬಿದ ಶಾಸ್ತ್ರ. ಬೂದಿ ಬುಧವಾರದಿಂದ ಈಸ್ಟರ್ ತನಕ ಬಾಟ್ಲಿ ಮುಟ್ಟದವನು ಉಳಿದ ದಿನ ಎಷ್ಟು ಕುಡಿದರೂ ಕುಡುಕ ಅಲ್ಲ. ವರ್ಷಕ್ಕೊಮ್ಮೆ ಪರೀಕ್ಷೆ ಬರೆದು ಪಾಸಾದವನನ್ನು ದಡ್ಡ ಎನ್ನಲಿಕ್ಕೆ ಆಗುತ್ತದೆಯೇ? ವ್ರತದ ಮುನ್ನಾದಿನ ಸಂಜೆ ಹಂದಿಮಾಂಸ, ಬ್ರಾಂದಿ ಎರಡನ್ನೂ ಕುತ್ತಿಗೆಯ ತನಕ ತುಂಬಿಸಿಕೊಳ್ಳುವುದು. ಮರುದಿನದಿಂದ ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಹೊಡೆದು ಹಾಕುವುದು. ತಮ್ಮನಿಗೆ ಮೊದಲ ವಾರ ಬೆವರು, ನಡುಕ, ಸಿಡುಕು. ಆಮೇಲೆ ಆಮೇಲೆ ಸರಿಯಾಗುತ್ತಿದ್ದ. ಅಂಗಡಿಯ ಪಕ್ಕದಲ್ಲಿ ಪೈಪು, ನಲ್ಲಿ ಮಾರುವ ಬ್ಯಾರಿ ಮುಸ್ಲಿಮರೊಬ್ಬರು ಇದ್ದಾರೆ. ತಮ್ಮನ ದೋಸ್ತಿ. ನಾನು ಆ ಕಡೆ ಹೋದಾಗಲೆಲ್ಲ ಸ್ಟೂಲ್ ಎಳೆದು ಕೂರಿಸುತ್ತಾರೆ. ನಮ್ಮ ಕಡೆ ಕ್ರಿಸ್ತರನ್ನು ಕರೆಯುವ ಹಾಗೆ, ಅವರಿಗೆ ನಾನು ಬಾಯಮ್ಮ, ತಮ್ಮ ಪೊರ್ಬು.

"ನಿಮ್ಮ ಕರೆಜ್ಮ ಶುರುವಾಯಿತಾಂತ ತಿಳಿಯಲಿಕ್ಕೆ ನನಗೆ ಕ್ಯಾಲೆಂಡರ್ ಬೇಡ ಬಾಯಮ್ಮ," ಎಂದು ಅವರು ನಗುತ್ತಾರೆ. "ನಮ್ಮ ಪೊರ್ಬುಗಳ ಶಟರ್ ಎಂಟಕ್ಕೇ ಏಳ್ತದೆ."

ನಮ್ಮ ಜನ ಇಷ್ಟಕ್ಕೇ ನಿಲ್ಲಲಿಲ್ಲ. ಅವನಿಗೆ ಸನ್ಮಾನ ಮಾಡಿದರು.

ತಮ್ಮನ ಹೆಂಡತಿಯ ಅಣ್ಣ ಬಂಟ್ವಾಳದ ಅವರ ವಾರ್ಡಿನ ಗುರ್ಕಾರ, ಅಂದರೆ ಇಗರ್ಜಿಯ ಪರವಾಗಿ ಆ ಕೇರಿಯ ಮನೆಗಳ ಮುಖಂಡ. ಮೈಕ್ ಕಂಡರೆ ಅವನಿಗೆ ಹಸಿವೆ, ನಿದ್ದೆ ಎರಡೂ ಬೇಡ. ಕಳೆದ ವರ್ಷದ ಕರೆಜ್ಮದ ಕೊನೆಯ ವಾರ, ವಾರ್ಡಿನ ಕೂಟದಲ್ಲಿ ತಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿ, ತಲೆಗೆ ಮೈಸೂರು ಪೇಟ ಇಟ್ಟು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟರು. ಪೇಟ ಸ್ವಲ್ಪ ದೊಡ್ಡದಾಗಿ ಹುಬ್ಬಿನ ಮೇಲೆ ಇಳಿದಿತ್ತು. ಗುರ್ಕಾರ ಭಾಷಣ ಮಾಡಿದ.

"ಇಷ್ಟು ವರ್ಷದಲ್ಲಿ ಒಂದೇ ಒಂದು ಕರೆಜ್ಮ ಇವರು ತಪ್ಪಿಸಿದ್ದಿಲ್ಲ. ಇದಕ್ಕೆ ಹೇಳುವುದು ಸಂಯಮ ಅಂತ. ನಮ್ಮ ಯುವಕರು ಇವರನ್ನು ನೋಡಿ ಕಲಿಯಬೇಕು."

ಯುವಕರು ಹಿಂದಿನ ಸಾಲಿನಲ್ಲಿ ಕೂತು ಮೊಬೈಲು ನೋಡುತ್ತಿದ್ದರು. ಅಷ್ಟಾದರೂ ಬುದ್ಧಿ ಅವರಿಗಿತ್ತು. ತಮ್ಮ ಪೇಟದ ಅಡಿಯಿಂದ ಜನರ ಉದ್ದಕ್ಕೂ ಕಣ್ಣು ಹಾಯಿಸಿದ, ಯಾರ್‍ಯಾರು ನೋಡಿದರು ಎಂದು. ನನಗೆ ಪಾಣೆಮಂಗಳೂರಿನ ಹೊಳೆಯ ದಡ ನೆನಪಾಯಿತು. ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸಂತೋಷಕ್ಕೆ.

ಅದೇ ಈಸ್ಟರ್ ಮಧ್ಯಾಹ್ನ ನಾವೆಲ್ಲ ಬೆಳ್ತಂಗಡಿಯಲ್ಲಿ ಇದ್ದೆವು. ಅದು ಅವನ ಹೆಂಡತಿಯ ತವರು. ಈಸ್ಟರ್ ಊಟ ಪ್ರತಿ ವರ್ಷ ಅಲ್ಲೇ. ಸಾನ್ನ ಎಂಬ ಮೆತ್ತನೆಯ ಇಡ್ಲಿ, ಪೋರ್ಕ್ ಬಫಾತ್, ಕೋಳಿ. ಅದೇ ಗುರ್ಕಾರ, ಸಂಯಮದ ಭಾಷಣ ಮಾಡಿದವನು, ಗಲ್ಫಿನಿಂದ ಬಂದ ಬಾಟ್ಲಿಯ ಮುಚ್ಚಳ ತಿರುಗಿಸಿ, "ಭಾವಾ, ಇವತ್ತು ನಿನ್ನದೇ ಹಬ್ಬ" ಎಂದು ಮೊದಲ ಗ್ಲಾಸು ತಮ್ಮನಿಗೇ ಕೊಟ್ಟ. ತಮ್ಮ ಅದನ್ನು ಕುಡಿದದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಕುಡಿದದ್ದಲ್ಲ, ನೀರಿನಿಂದ ಮೇಲೆ ಬಂದು ಗಾಳಿ ನುಂಗುತ್ತಿದ್ದನಲ್ಲ, ಹಾಗೆ. ಸಾಯಂಕಾಲದ ಚಹಾದ ಹೊತ್ತಿಗೆ ಈಸಿ ಚೇರಿನಲ್ಲಿ ಬಾಯಿ ತೆರೆದು ಬಿದ್ದಿದ್ದ. ಎಬ್ಬಿಸಿದರೆ ಏಳಲಿಲ್ಲ. ಕಾರು ಬಿಡಲಿಕ್ಕೆ ಬೇರೆಯವರನ್ನು ಕರೆಯಬೇಕಾಯಿತು.

"ಪಾಪ, ನಲವತ್ತು ದಿನ ಕಷ್ಟಪಟ್ಟಿದ್ದಾರಲ್ಲ," ಎಂದಳು ಹೆಂಡತಿ.

ನಾನು ಫ್ರಾಂಕ್ ಆಗಿ ಹೇಳಿದೆ. "ದೇವರ ಜೊತೆ ಇವನದು ಎಂಥ ಬಾರ್ಗೇನ್ ಮಾರಾಯ್ತಿ? ಮೀನು ಮಾರ್ಕೆಟಿನಲ್ಲಿಯೂ ಇಷ್ಟು ಚೌಕಾಸಿ ಇಲ್ಲ."

"ನೀವು ಕಾನ್ವೆಂಟಿನವರು ಅಕ್ಕಾ, ಎಲ್ಲದರಲ್ಲಿಯೂ ತಪ್ಪು ಕಾಣ್ತೀರಿ," ಎಂದು ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಇನ್ನು ತೇರ್ಸಿನ ವಿಷಯ ಹೇಳದಿದ್ದರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ. ತೇರ್ಸ್ ಅಂದರೆ ಸಂಜೆಯ ಜಪಮಾಲೆ ಪ್ರಾರ್ಥನೆ. ಮನೆಮಂದಿಯೆಲ್ಲ ದೇವರ ಪಟದ ಎದುರು ಮೊಣಕಾಲೂರಿ, ಒಬ್ಬರು ಹೇಳಿಕೊಡುವುದು, ಉಳಿದವರು ಮುಗಿಸುವುದು. ಕೊನೆಗೆ ಸಣ್ಣವರು ದೊಡ್ಡವರ ಎದುರು ಕೈಮುಗಿದು 'ಬೆಸಾಂವ್ ದೀ' ಎಂದು ಆಶೀರ್ವಾದ ಕೇಳುತ್ತಾರೆ. ದೊಡ್ಡವರು, ದೇವರು ಒಳ್ಳೆಯದು ಮಾಡಲಿ ಎನ್ನುತ್ತಾರೆ. ನಮ್ಮ ಎಷ್ಟೋ ಮನೆಗಳಲ್ಲಿ ಗಂಡಸರ ಪದ್ಧತಿ ಏನೆಂದರೆ ಮೊದಲು ತೇರ್ಸ್, ಮತ್ತೆ ಗ್ಲಾಸು. ತೇರ್ಸಿಗೆ ಮೊದಲು ಮುಟ್ಟುವುದು ಪಾಪ. ಹಾಗಾಗಿ ಪ್ರಾರ್ಥನೆ ಎನ್ನುವುದು ಬಾಟ್ಲಿಗೆ ಹೋಗುವ ದಾರಿಯಲ್ಲಿ ಸಿಗುವ ರೈಲ್ವೇ ಗೇಟು. ತಮ್ಮ ತೇರ್ಸ್ ಹೇಳಿಕೊಡುವುದನ್ನು ನೀವು ಕೇಳಬೇಕಿತ್ತು. ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸು ಫರಂಗಿಪೇಟೆಯಲ್ಲಿ ನಿಲ್ಲಿಸದೆ ಹೋಗುವ ಹಾಗೆ ಹೋಗುತ್ತಿತ್ತು. ನಾವು ಅರ್ಧ ಹೇಳುವಷ್ಟರಲ್ಲಿ ಅವನು ಮುಂದಿನದ್ದಕ್ಕೆ ಹಾರಿ ಆಗಿರುತ್ತಿತ್ತು. ಫ್ರಿಜ್ಜಿನ ಮೇಲೆ ಬಾಟ್ಲಿ, ಗೋಡೆಯಲ್ಲಿ ಪಟ. ಎರಡಕ್ಕೂ ಒಂದೇ ಕೋನ. ಕತ್ತು ತಿರುಗಿಸಬೇಕಾಗಿರಲಿಲ್ಲ.

ಆ ವರ್ಷ ಆಟಿಯ, ಅಂದರೆ ಆಷಾಢದ, ಮಳೆಯಲ್ಲಿ ಅಮ್ಮನ ವರ್ಷದ ಪೂಜೆಗೆ ಎಂದು ಬಂಟ್ವಾಳಕ್ಕೆ ಹೋದವಳು ತಮ್ಮನ ಮನೆಯಲ್ಲಿ ಕೆಲವು ದಿನ ಉಳಿದೆ. ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಆಗಿತ್ತು. ಸಂಜೆ ಯಥಾಪ್ರಕಾರ ತೇರ್ಸಿಗೆ ಕೂತೆವು. ತಮ್ಮ, ಅವನ ಹೆಂಡತಿ, ನಾನು. ಎಕ್ಸ್‌ಪ್ರೆಸ್ ಹೊರಟಿತು. ರಹಸ್ಯ ಎಂದು ಕರೆಯುವ ಐದು ಭಾಗ ಮುಗಿದು ಲಿಟನಿಗೆ ಬಂತು. ಮೇರಿ ಮಾತೆಯ ಹೆಸರುಗಳನ್ನು ಒಂದೊಂದಾಗಿ ಹೇಳುವ ಪ್ರಾರ್ಥನೆ ಅದು. ಅರ್ಧದಲ್ಲಿ ಅವನು ನಿಂತ. ಮರೆತನೇನೋ ಎಂದುಕೊಂಡು ಹೆಂಡತಿ ಮುಂದಿನ ಹೆಸರು ಹೇಳಿಕೊಟ್ಟಳು. ಅವನು ಹೇಳಲಿಲ್ಲ. ಮಾಡಿನ ಮೇಲೆ ಮಳೆ ಬೀಳುವುದು ಕೇಳುತ್ತಿತ್ತು. ಎದೆ ನೋವೋ ಏನೋ ಎಂದು ನಾನು ಅವನ ಮುಖ ನೋಡಿದೆ. ಅವನು ಪಟವನ್ನು ನೋಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಬಿಟ್ಟಲ್ಲಿಂದ ಮತ್ತೆ ಶುರು ಮಾಡಿದ, ನಿಧಾನಕ್ಕೆ, ಒಂದೊಂದೇ ಹೆಸರು. ಸಣ್ಣವನಿದ್ದಾಗ ನಾನು ಹೇಳಿಕೊಟ್ಟ ಹಾಗೆ.

ಮುಗಿದ ಮೇಲೆ ನನ್ನ ಎದುರು ಕೈಮುಗಿದ. "ಬೆಸಾಂವ್ ದೀ ಅಕ್ಕಾ." ನಾನು ಕೊಟ್ಟೆ. ಅವನು ಎದ್ದು ಚಾವಡಿಯ ಬೆಂಚಿನಲ್ಲಿ ಹೋಗಿ ಕೂತ. ಹೆಂಡತಿ ಅಭ್ಯಾಸಬಲದಿಂದ ಗ್ಲಾಸು, ನೀರು, ಕರಿದ ಹಪ್ಪಳ ತಂದಿಟ್ಟಳು.

"ಇವತ್ತು ಬೇಡ," ಎಂದ.

"ಹುಷಾರಿಲ್ಲವಾ?"

"ಹುಷಾರುಂಟು."

"ಅಮ್ಮನ ವರ್ಷ ಅಂತಲಾ?"

"ಅಲ್ಲ." ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡ. ಹೆಂಡತಿ ಟಿವಿ ಹಾಕಲಿಕ್ಕೆ ಹೋದ ಮೇಲೆ, ನಾನು ಕೇಳದೆಯೇ ಹೇಳಿದ. "ಅಕ್ಕಾ, ಒಬ್ಬ ನೆಂಟ ಬಂದಿದ್ದಾನೆ ಅಂತ ಇಟ್ಟುಕೋ. ದಿನಾ ಬರ್ತಾನೆ. ನಾನು ಅವನ ಎದುರು ಕೂತು ಬಾಯಲ್ಲಿ ಏನೋ ಮಾತಾಡ್ತೇನೆ, ಕಣ್ಣು ಗಡಿಯಾರದಲ್ಲಿ. ಇವ ಯಾವಾಗ ಏಳ್ತಾನೆ, ನಾನು ಯಾವಾಗ ಕುಡಿಯುವುದು ಅಂತ. ಅವನಿಗೆ ಗೊತ್ತುಂಟು. ಗೊತ್ತಿದ್ದೂ ಮರುದಿನ ಬರ್ತಾನೆ. ಇವತ್ತು ಲಿಟನಿ ಹೇಳುವಾಗ ಅದು ಹೊಳೆಯಿತು. ನಾಚಿಕೆ ಆಯಿತು ಮಾರಾಯ್ತಿ."

"ಕರೆಜ್ಮದಲ್ಲಿ ನಾಚಿಕೆ ಆಗಿರಲಿಲ್ಲವಾ?" ಎಂದೆ. ನನ್ನ ನಾಲಿಗೆ ಹಾಗೆಯೇ.

ಅವನು ನಕ್ಕ. "ಕರೆಜ್ಮದಲ್ಲಿ ದೇವರ ಜೊತೆ ಮಾತೇ ಇಲ್ಲ ಅಕ್ಕಾ. ಈಸ್ಟರಿಗೆ ಇನ್ನು ಎಷ್ಟು ದಿನ ಅಂತ ಎಣಿಸುವುದೇ ಆಯಿತು. ನಾನು ಹೊಳೆಯಲ್ಲಿ ಮುಳುಗಿ ಕೂರ್ತಿದ್ದೆನಲ್ಲ, ಅದೇ. ಮೇಲೆ ಬರ್ಲಿಕ್ಕೆ ಉಂಟು ಅಂತ ಗೊತ್ತಿದ್ದರೆ ಉಸಿರು ಯಾರಾದರೂ ಕಟ್ಟಬಹುದು."

ಇಷ್ಟು ಮಾತು ಅವನು ನನ್ನ ಹತ್ತಿರ ಒಟ್ಟಿಗೆ ಆಡಿದ್ದು ಅದೇ ಮೊದಲು. ಶಾಲು ಹೊದಿಸಿದ ಗುರ್ಕಾರನಿಗೂ ಪೀಠದಿಂದ ಕರೆಜ್ಮದ ಪ್ರಸಂಗ ಓದುವ ಫಾದರಿಗೂ ಹೊಳೆಯದ್ದು ಹಪ್ಪಳ ಜಗಿಯುವ ನನ್ನ ತಮ್ಮನಿಗೆ ಹೊಳೆದಿತ್ತು. ಆದರೂ ನಾನು ನಂಬಲಿಲ್ಲ. ಒಂದು ಸಂಜೆಯ ನಾಚಿಕೆ ಎಷ್ಟು ದಿನ ಬಾಳುತ್ತದೆ?

ಮರುದಿನ ಬೆಳಿಗ್ಗೆ ಲೋಟ ಹಿಡಿಯಲಿಕ್ಕೆ ಆಗದಷ್ಟು ಕೈ ನಡುಗಿತು. ಹೀಗೆ ಒಮ್ಮೆಲೇ ಬಿಡುವುದು ಅಪಾಯ ಎಂದು ನನಗೆ ಗೊತ್ತಿತ್ತು. ಕಾರು ಗೊತ್ತು ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮಾತ್ರೆ ಕೊಟ್ಟು, ಒಬ್ಬನನ್ನೇ ಬಿಡಬೇಡಿ ಎಂದರು. ಆ ವಾರವೆಲ್ಲ ನಾನು ಅಲ್ಲೇ ಇದ್ದೆ. ಅವನು ಬೆವರಿದ, ವಾಂತಿ ಮಾಡಿದ, ಮಾಡಿನ ಅಡಿಯಲ್ಲಿ ಅತ್ತಿತ್ತ ನಡೆದ. ಸಂಜೆಯಾದರೆ ಪಟದ ಎದುರು ಬಂದು ಕೂತ. ಬಾಟ್ಲಿ ಫ್ರಿಜ್ಜಿನ ಮೇಲೇ ಇತ್ತು. ಚೆಲ್ಲುತ್ತೇನೆ ಎಂದು ನಾನು ಎದ್ದಾಗ, "ಅದು ಅಲ್ಲಿರಲಿ ಅಕ್ಕಾ, ಚೆಲ್ಲಿದರೆ ಅಂಗಡಿಯಲ್ಲಿ ಬೇರೆ ಉಂಟು" ಎಂದ. ಕೆಲವು ದಿನ ಕಳೆದು ಅವನ ಹೆಂಡತಿಯೇ ಅದನ್ನು ಬಾಡಿಗೆ ಕಾರಿನ ಡ್ರೈವರನಿಗೆ ಕೊಟ್ಟಳು.

ಅವಳಿಗೆ ಸಂತೋಷ ಆಗಬೇಕಿತ್ತಲ್ಲವೇ? ಆಯಿತು, ಆದರೆ ಒಂದು ಕೊರತೆ ಉಳಿಯಿತು. ನಾನು ಮೂಡುಬಿದಿರೆಗೆ ಹೊರಡುವ ದಿನ ಅಡುಗೆಮನೆಯಲ್ಲಿ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು.

"ಅಕ್ಕಾ, ಇವರು ಯಾವ ಸಂತರಿಗೆ ಹರಕೆ ಹೇಳಿದ್ದು? ನನ್ನ ಹತ್ತಿರ ಹೇಳುವುದಿಲ್ಲ."

"ಹರಕೆ ಏನಿಲ್ಲ."

"ಹರಕೆ ಇಲ್ಲದೆ ಬಿಟ್ಟರೆ ದೇವರ ಲೆಕ್ಕಕ್ಕೆ ಬರ್ತದಾ? ಬಿಡುವುದು ಹೇಗೂ ಬಿಡ್ತಾರೆ, ನಮ್ಮ ಮಗಳ ಹೆರಿಗೆಗಾದರೂ ಅರ್ಪಿಸಬಹುದಿತ್ತು. ಸುಮ್ಮನೆ ವೇಸ್ಟ್."

ಸುಮ್ಮನೆ ವೇಸ್ಟ್. ಈ ಮಾತನ್ನು ನಾನು ಸಿದ್ಧಕಟ್ಟೆಯ ತನಕ ಬಸ್ಸಿನಲ್ಲಿ ಮೆಲುಕು ಹಾಕಿದೆ. ನಮ್ಮ ಜನಕ್ಕೆ ದೇವರು ಒಬ್ಬ ಆಫೀಸಿನ ಗುಮಾಸ್ತ. ಏನಾದರೂ ಕೈಯಲ್ಲಿಟ್ಟರೆ ಫೈಲು ಮುಂದೆ ಹೋಗುತ್ತದೆ. ಕೆಲಸ ಏನೂ ಇಲ್ಲದೆ, ನಿಮ್ಮನ್ನು ನೋಡಿ ಹೋಗುವ ಅಂತ ಬಂದೆ ಎಂದು ಯಾರಾದರೂ ಆ ಮೇಜಿನ ಎದುರು ನಿಂತರೆ, ಸಾಲಿನಲ್ಲಿದ್ದವರೆಲ್ಲ ತಲೆ ಸರಿಯಿಲ್ಲದವನನ್ನು ನೋಡಿದ ಹಾಗೆ ನೋಡುತ್ತಾರೆ.

ಚೌತಿ ಕಳೆದ ಮೇಲೆ ಇನ್ನೊಮ್ಮೆ ಬಿ.ಸಿ. ರೋಡಿಗೆ ಹೋದೆ. ಪೈಪಿನ ಅಂಗಡಿಯ ಬ್ಯಾರಿ ದೂರದಿಂದಲೇ ಸ್ಟೂಲ್ ಎಳೆದರು.

"ಎಂಥ ಬಾಯಮ್ಮ, ಈ ವರ್ಷ ನಿಮಗೆ ಕರೆಜ್ಮ ಎರಡು ಸಲವಾ? ಪೊರ್ಬುಗಳ ಶಟರ್ ದಿನಾ ಎಂಟಕ್ಕೇ ಏಳ್ತದೆ. ನಾನು ಯಾರಾದರೂ ಪಾದ್ರಿಗಳ ಹತ್ತಿರ ಕೇಳುವ ಅಂತಿದ್ದೆ."

"ಒಂದೇ ಸಲ," ಎಂದೆ. "ಇವನದು ಸ್ವಲ್ಪ ಉದ್ದ ಆಗಿದೆ."

ನಗಾಡಿದರು. ತಮ್ಮ ಒಳಗೆ ಮೋಟರಿಗೆ ತಂತಿ ಸುತ್ತುತ್ತಿದ್ದ. ನಾನು ಬಂದದ್ದು ತಿಳಿದರೂ ತಲೆ ಎತ್ತಲಿಲ್ಲ. ಸುತ್ತು ತಪ್ಪಬಾರದಲ್ಲ.

ಅಲ್ಲಿಂದ ಆಮೇಲೆ ಎಲ್ಲ ಸಲೀಸಾಗಿ ನಡೆಯಿತು ಎಂದು ಬರೆದರೆ ಅದು ಇಗರ್ಜಿಯ ಪತ್ರಿಕೆಯಲ್ಲಿ ಬರುವ ಟೆಸ್ಟಿಮೊನಿ ಆಗುತ್ತದೆ. ದೀಪಾವಳಿಯ ಹೊತ್ತಿಗೆ ಒಂದು ಸಂಜೆ ಫೋನ್ ಮಾಡಿದ. "ಅಕ್ಕಾ, ನಿನ್ನೆ ಕುಡಿದೆ." ಒಂದು ಮದುವೆಯ ಮನೆಯಲ್ಲಂತೆ. ಹಿಂದೆಲ್ಲ ಅವನಿಗೆ ಒಂದು ತರ್ಕ ಇತ್ತು, ನಮ್ಮ ಗಂಡಸರೆಲ್ಲರಿಗೂ ಇರುವುದು. ವ್ರತ ಒಮ್ಮೆ ಮುರಿದರೆ ಮುರಿಯಿತು, ಇನ್ನು ಮುಂದಿನ ಕರೆಜ್ಮದ ತನಕ ಧಾರಾಳ. ಒಡೆದ ಮಡಕೆಯಲ್ಲಿ ಯಾರು ನೀರು ತುಂಬಿಸುತ್ತಾರೆ?

"ಇನ್ನು?" ಎಂದೆ.

"ಇನ್ನು ಎಂಥ? ಮುರಿಯಲಿಕ್ಕೆ ವ್ರತವೇ ಇಲ್ಲವಲ್ಲ. ನಿನ್ನೆ ಆ ನೆಂಟನನ್ನು ಕೂರಿಸಿ ಎದ್ದು ಹೋದೆ. ಇವತ್ತು ತೇರ್ಸಿಗೆ ಕೂತು ಸಾರಿ ಹೇಳಿದೆ. ಈಗ ಊಟಕ್ಕೆ ಏಳ್ತೇನೆ."

ಆ ದಿನ ಮೊದಲ ಬಾರಿಗೆ ನಾನು ಸ್ವಲ್ಪ ನಂಬಿದೆ. ಮುದಿ ಸಿಸ್ಟರ್ ಇದ್ದಿದ್ದರೆ ಅವನ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕಲಕುತ್ತಿದ್ದರು.

ಮನೆಯವರಿಗೆ ಆದ ನಿಜವಾದ ತೊಂದರೆ ಬೇರೆಯೇ. ತೇರ್ಸ್ ಉದ್ದವಾಯಿತು. ಮೊದಲು ಸುದ್ದಿಯ ಹೊತ್ತಿಗೆ ಮುಗಿಯುತ್ತಿದ್ದದ್ದು ಈಗ ಸೀರಿಯಲ್ ಅರ್ಧ ಆದರೂ ಮುಗಿಯದು. ಒಂದೊಂದು ರಹಸ್ಯದ ನಡುವೆ ಸುಮ್ಮನೆ ಕೂರುತ್ತಾನಂತೆ. "ಕುಡಿಯುವಾಗ ಹೀಗಿರಲಿಲ್ಲ ಅಕ್ಕಾ," ಎಂದು ಹೆಂಡತಿ ಫೋನಿನಲ್ಲಿ ದೂರು ಹೇಳಿದಳು. "ಬೇಗ ಬೇಗ ಹೇಳಿ ಮುಗಿಸ್ತಿದ್ದರು. ಈಗ ನನ್ನ ಮೊಣಕಾಲು ಹೋಯಿತು."

ಮತ್ತೆ ಈ ವರ್ಷದ ಕರೆಜ್ಮ ಬಂತು. ಬೂದಿ ಬುಧವಾರದ ಮೊದಲು ವಾರ್ಡಿನ ಕೂಟದಲ್ಲಿ ಪ್ರತಿಯೊಬ್ಬರೂ ಎದ್ದುನಿಂತು ಈ ಸಲ ಏನು ಬಿಡುತ್ತೇವೆ ಎಂದು ಹೇಳಬೇಕೆಂದು ಗುರ್ಕಾರ ಹೊಸ ಕ್ರಮ ತಂದಿದ್ದ. ಒಬ್ಬಳು ಚಾಕ್ಲೆಟ್, ಇನ್ನೊಬ್ಬ ಕ್ರಿಕೆಟ್, ಮತ್ತೊಬ್ಬಳು ಫೇಸ್‌ಬುಕ್. ಚಾಕ್ಲೆಟ್ ಬಿಟ್ಟವಳಿಗೆ ಶುಗರ್ ಇರುವುದು ಇಡೀ ವಾರ್ಡಿಗೆ ಗೊತ್ತು. ತಮ್ಮನ ಸರದಿ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಲಿಕ್ಕೆ ಕೈ ಎತ್ತಿಯೇ ಕೂತಿದ್ದರು.

"ನನ್ನದು ಈ ಸಲ ಏನೂ ಇಲ್ಲ," ಎಂದನಂತೆ. ಬಿಡಲಿಕ್ಕೆ ಅವನ ಹತ್ತಿರ ಏನೂ ಉಳಿದಿರಲಿಲ್ಲ.

ಎತ್ತಿದ ಕೈಗಳು ಕೆಳಗಿಳಿದವು. ಸಂಯಮದ ಮಾದರಿ ಕೆಟ್ಟುಹೋಗಿದ್ದಾನೆ ಎಂದು ಸುದ್ದಿ ಹಬ್ಬಿತು. ಶಾಲು ಹೊದಿಸಿದ್ದು ವ್ಯರ್ಥ ಎಂದು ಯಾರೋ ಹೇಳಿದರಂತೆ. ಇಂಥ ಜನರ ನಡುವೆ ದೇವರು ಹೇಗೆ ಬದುಕುತ್ತಾನೋ ಅವನಿಗೇ ಗೊತ್ತು.

ಈಸ್ಟರ್ ಮಧ್ಯಾಹ್ನ ಎಲ್ಲರೂ ಬೆಳ್ತಂಗಡಿಯಲ್ಲಿ ಸೇರಿದೆವು. ನನಗೆ ಹೆದರಿಕೆ ಇದ್ದದ್ದು ಆ ದಿನದ್ದೇ. ಇಷ್ಟು ವರ್ಷ ಅವನ ಮೈ ಕಾದು ಕೂತ ದಿನ ಅದು. ಗುರ್ಕಾರ ಬಾಟ್ಲಿ ತಂದ. ಮೊದಲ ಗ್ಲಾಸು ತುಂಬಿಸಿ ತಮ್ಮನ ಮುಂದೆ ಇಟ್ಟ.

"ಬೇಡ ಭಾವ."

"ಕರೆಜ್ಮದಲ್ಲಿ ಏನೂ ಬಿಡ್ಲಿಲ್ಲ, ಈಸ್ಟರಿನಲ್ಲಿ ಏನೂ ಹಿಡಿಯುವುದಿಲ್ಲ. ನೀನು ಈಗ ಯಾವ ಧರ್ಮ ಮಾರಾಯ?" ಎಲ್ಲರೂ ನಕ್ಕರು. ತಮ್ಮನೂ ನಕ್ಕ. "ಹರಕೆ ಇದ್ದರೆ ಹೇಳು. ನಾವು ಮರ್ಯಾದೆ ಕೊಡ್ತೇವೆ, ಒತ್ತಾಯ ಮಾಡುವುದಿಲ್ಲ."

ಹೌದು, ಹರಕೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ಸುಳ್ಳು ಸಾಕಿತ್ತು. ಆ ಸುಳ್ಳನ್ನು ಹೇಳು ಎಂದು ನನ್ನ ಮನಸ್ಸು ಒಂದು ಕ್ಷಣ ಬೇಡಿಕೊಂಡಿತು.

"ಹರಕೆ ಏನಿಲ್ಲ."

"ಮತ್ತೆ ಡಾಕ್ಟರು ಹೇಳಿದ್ದಾ?"

"ಡಾಕ್ಟರು ಯಾವತ್ತಿನಿಂದ ಹೇಳ್ತಾ ಇದ್ದಾರೆ."

"ಮತ್ತೆ ಎಂಥದ್ದು, ಹೇಳು ಮಾರಾಯ."

ತಮ್ಮ ತಟ್ಟೆ ನೋಡುತ್ತಾ ಹೇಳಿದ. "ದೇವರ ಜೊತೆ ಸ್ವಲ್ಪ ಹೊತ್ತು ಕೂರುವುದು ನನಗೆ ಒಳ್ಳೇದಾಗ್ತದೆ. ಇದು ನಡುವೆ ಅಡ್ಡ ಬರ್ತದೆ. ಅಷ್ಟೆ."

ಅವನೇನೋ ಅಸಹ್ಯವಾದದ್ದು ಹೇಳಿಬಿಟ್ಟ ಹಾಗೆ ಒಬ್ಬ ಕೆಮ್ಮಿದ, ಇನ್ನೊಬ್ಬ ಸೊಳ್ಳೆ ಹೊಡೆದ. ಪೀಠದ ಮೇಲಿನಿಂದ ಭಾನುವಾರ ಭಾನುವಾರ ಕೇಳಿ ತಲೆಯಾಡಿಸುವ ಮಾತು. ಊಟದ ಮೇಜಿನಲ್ಲಿ ನೆಂಟನೊಬ್ಬ ಅದನ್ನೇ ನಿಜವಾಗಿ ಹೇಳಿದರೆ ನಮಗೆ ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ. ಗುರ್ಕಾರ ಭಾಷಣಕಾರ. ಅವನೂ ಬಾಟ್ಲಿಯ ಮುಚ್ಚಳ ತಿರುಗಿಸುತ್ತಾ ನಿಂತ. ಆದರೆ ಗ್ಲಾಸನ್ನು ಎತ್ತಲಿಲ್ಲ. "ಇರಲಿ, ಇಲ್ಲಿರಲಿ. ಮನಸ್ಸು ಬದಲಾದರೆ," ಎಂದು ಅಲ್ಲೇ ಬಿಟ್ಟ.

ಊಟ ಬಡಿಸಿದರು. ಗ್ಲಾಸು ತಮ್ಮನ ತಟ್ಟೆಯ ಎದುರು, ಅಂಗೈ ದೂರದಲ್ಲಿ. ಐಸು ಕರಗಿ ಹೊರಮೈಯಲ್ಲಿ ನೀರಿಳಿಯುತ್ತಿತ್ತು. ವಾಸನೆ ನನಗೇ ಬರುತ್ತಿತ್ತು, ಅವನಿಗೆ ಬರದೆ ಇರುತ್ತದೆಯೇ? ನಾನು ಎದುರು ಕೂತು ಅವನ ಬಲಗೈಯನ್ನೇ ನೋಡುತ್ತಿದ್ದೆ. ಆ ಹೊತ್ತು ಉಸಿರು ಕಟ್ಟಿಕೊಂಡವಳು ನಾನು. ಅವನ ಕೈ ಎದ್ದಿತು. ಗ್ಲಾಸಿನ ಕಡೆಗೆ ಹೋಯಿತು. ಅದನ್ನು ಹಿಡಿಯಿತು.

ಹಿಡಿದು, ಉಪ್ಪಿನಕಾಯಿ ಬಾಟ್ಲಿಯನ್ನು ಸರಿಸುವ ಹಾಗೆ ಪಕ್ಕಕ್ಕೆ ಸರಿಸಿತು. ಅದರ ಹಿಂದೆ ಸಾನ್ನದ ತಟ್ಟೆ ಇತ್ತು.

"ಸಾನ್ನ ಇನ್ನೊಂದು ತಗೊಳ್ತೇನೆ," ಎಂದ. "ಈ ಸಲ ಒಳ್ಳೆ ಮೆತ್ತಗೆ ಆಗಿದೆ ಅತ್ತೆ."

ಹೊರಡುವಾಗ ಕಾರು ಅವನೇ ಬಿಟ್ಟ. ಪಕ್ಕದಲ್ಲಿ ನಾನು, ಹಿಂದೆ ಅವನ ಹೆಂಡತಿ. ನನ್ನನ್ನು ಮೂಡುಬಿದಿರೆಯಲ್ಲಿ ಇಳಿಸಿ ಅವರು ಬಂಟ್ವಾಳಕ್ಕೆ ಹೋಗುವುದೆಂದು ಮಾತು. ಗುರುವಾಯನಕೆರೆ ದಾಟುವಾಗ ಹೊತ್ತು ಇಳಿದಿತ್ತು. "ಮನೆಗೆ ಹೋಗುವಾಗ ತಡ ಆಗ್ತದೆ, ಇಲ್ಲೇ ತೇರ್ಸ್ ಹೇಳುವ," ಎಂದು ಅವನು ಶುರು ಮಾಡಿದ. ಕಾರು ಹೋಗುವ ಹಾಗೆಯೇ ನಿಧಾನ. ಹಿಂದಿನ ವಾಹನದವರು ಹಾರ್ನ್ ಹೊಡೆದು ಹೊಡೆದು ಮುಂದೆ ಹೋದರು. ವೇಣೂರು ಬರುವಾಗ ಇನ್ನೂ ಎರಡನೆಯ ರಹಸ್ಯ.

"ಹೀಗೆ ಹೇಳಿದರೆ ಮೂಡುಬಿದಿರೆ ಬಂದರೂ ಮುಗಿಯುವುದಿಲ್ಲ," ಎಂದಳು ಹಿಂದಿನಿಂದ ಹೆಂಡತಿ.

ಮುಗಿಯಲಿಲ್ಲ. ಮಗಳ ಮನೆಯ ಗೇಟಿನ ಎದುರು ಎಂಜಿನ್ ಆರಿಸಿ ಲಿಟನಿ ಹೇಳಿದೆವು. ಕೊನೆಗೆ ಸ್ಟೇರಿಂಗಿನ ಮೇಲಿಂದ ಕೈ ತೆಗೆದು, ನನ್ನ ಕಡೆ ತಿರುಗಿ, ನರೆತ ತಲೆ ಬಗ್ಗಿಸಿದ. ಮುಗಿದ ಕೈಗಳು ನಡುಗುತ್ತಿರಲಿಲ್ಲ.

"ಬೆಸಾಂವ್ ದೀ ಅಕ್ಕಾ."

ಅವನ ಅಂಗಿಯ ಮೇಲಿನ ಗುಂಡಿ ಬಿಚ್ಚಿಹೋಗಿತ್ತು. ಹಾಕಿದೆ. ಮತ್ತೆ ಬೆಸಾಂವ್ ಕೊಟ್ಟೆ.